ಮೀಸೆಯಿರುವ ದಿಮ್ಮಿ

ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಹೇಳಿಕೊಟ್ಟ ಮನುಷ್ಯನ ಮಾನ ಎರಡು ಮರದ ದಿಮ್ಮಿಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ ಎಂದರೆ ನೀವು ನಂಬುತ್ತೀರಾ? ನನ್ನದು ಸಿಕ್ಕಿಕೊಂಡಿತು. ಒಂದರ ಮೇಲೊಂದು ಇಟ್ಟ ದಿಮ್ಮಿಗಳಲ್ಲಿ ಕೆಳಗಿನದನ್ನು ಎಳೆದರೆ ಮೇಲಿನದಕ್ಕೆ ಘರ್ಷಣೆ ಯಾವ ಕಡೆಗೆ ಎಂದು ಪರೀಕ್ಷೆಯಲ್ಲಿ ಕೇಳಿದ್ದೆ. ಮುಂದಕ್ಕೆ ಇರಬೇಕಾದ ಬಾಣದ ಗುರುತನ್ನು ನಲವತ್ತು ಮಕ್ಕಳೂ ಹಿಂದಕ್ಕೆ ಹಾಕಿದ್ದರು. ಅವರಲ್ಲೊಬ್ಬಳು ನನ್ನ ಮಗಳು. ಸೋಮವಾರ ಮರುಪರೀಕ್ಷೆ. ಆಗಲೂ ಹೀಗೇ ಆದರೆ ತರಗತಿಯನ್ನು ರಸಾಯನಶಾಸ್ತ್ರದ ಮೇಷ್ಟರಿಗೆ ಒಪ್ಪಿಸುವುದಾಗಿ ಹೆಡ್‌ಮಾಸ್ಟರು ಬಹಳ ವಿನಯದಿಂದ ತಿಳಿಸಿದರು. (ಆ ಮೇಷ್ಟರು ಆಗಲೇ ನನ್ನ ಸೀಮೆಸುಣ್ಣದ ಡಬ್ಬಿಯ ಮೇಲೆ ಕಣ್ಣಿಟ್ಟಿದ್ದರು.)

ಭಾನುವಾರ ಮಗಳನ್ನು ಕೂರಿಸಿಕೊಂಡು ವಿಚಾರಿಸಿದೆ.

“ಘರ್ಷಣೆ ಯಾವಾಗ್ಲೂ ಚಲನೆಗೆ ಅಡ್ಡ ಬರುತ್ತೆ ಅಂತ ನಮ್ಮ ಕೈಲಿ ನೂರು ಸಲ ಹೇಳಿಸಿದ್ದು ನೀವೇ ತಾನೇ ಅಪ್ಪ? ಅಡ್ಡ ಬರೋದು ಮುಂದಕ್ಕೆ ಹೇಗೆ ಎಳೆಯುತ್ತೆ?”

ಹೇಳಿಸಿದ್ದು ನಿಜ. ಆದರೆ ತಪ್ಪೊಪ್ಪಿಕೊಳ್ಳುವುದಕ್ಕಿಂತ ಪ್ರಯೋಗ ಮಾಡಿ ತೋರಿಸುವುದು ಸುಲಭ ಅನ್ನಿಸಿತು. ಹೊದಿಕೆಗಳನ್ನು ತುಂಬಿಡುವ, ತಳಕ್ಕೆ ಪುಟ್ಟ ಗಾಲಿಗಳಿರುವ ಮರದ ಪೆಟ್ಟಿಗೆಯೊಂದು ನಮ್ಮ ಹಜಾರದಲ್ಲಿದೆ. ಅದು ಕೆಳಗಿನ ದಿಮ್ಮಿ. ಮೇಲಿನ ದಿಮ್ಮಿ ಸಾಕ್ಷಾತ್ ನಾನೇ. ಎಳೆಯುವ ಬಾಹ್ಯಬಲವಾಗಿ ಹೆಂಡತಿಯನ್ನು ನೇಮಿಸಿದೆ. (ಮದುವೆಯಾದಂದಿನಿಂದ ಆ ಹುದ್ದೆ ಅವಳದೇ.)

ಹಗ್ಗ ಹಿಡಿದ ಬಾಹ್ಯಬಲ ಏನೋ ಹೇಳಲು ಬಂದಿತು. ಪ್ರಯೋಗದ ಮಧ್ಯೆ ಮಾತಾಡಬಾರದು ಎಂದೆ.

“ಮಧ್ಯೆ ಎಲ್ಲಿ ಬಂತು, ಇನ್ನೂ ಶುರುವೇ ಆಗಿಲ್ಲ. ಅಲ್ಲರೀ, ಬೆಳಿಗ್ಗೆ ಆ ಮುಚ್ಚಳಕ್ಕೆ…”

“ಮುಚ್ಚಳದ ವಿಷಯ ನನಗೆ ಬಿಡು. ಎಲ್ಲಾ ಲೆಕ್ಕ ಹಾಕಿದೀನಿ.”

ಎಷ್ಟು ಜೋರಾಗಿ ಎಳೆಯಬೇಕೆಂದು ಹೇಳಿ, ಅಷ್ಟಕ್ಕೆ ನಾನು ಜಾರುವುದಿಲ್ಲ ಎಂಬುದನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಸೂತ್ರ ಬರೆದು ಸಾಧಿಸಿಯೂ ತೋರಿಸಿದೆ. ಅವಳು “ಆಯ್ತು” ಅಂದಳು. ಆ “ಆಯ್ತು” ಕೇಳಿದ ಬುದ್ಧಿವಂತ ಗಂಡಂದಿರು ಕೂಡಲೇ ಪೆಟ್ಟಿಗೆಯಿಂದ ಇಳಿಯುತ್ತಾರೆ. ನಾನು ಚಕ್ಕಳಮಕ್ಕಳ ಹಾಕಿ ಕೂತು ಕೈಯೆತ್ತಿ ಅಪ್ಪಣೆ ಕೊಟ್ಟೆ.

ಸುಳ್ಳು ಹೇಳಬಾರದು, ನಾನು ಹೇಳಿದಷ್ಟೇ ಎಳೆದಳು. ಪೆಟ್ಟಿಗೆ ಹೊರಟುಹೋಯಿತು. ನಾನು ಹೋಗಲಿಲ್ಲ. ಕ್ಷಣಕಾಲ ಆಧಾರವಿಲ್ಲದೆ ವಿರಾಜಮಾನನಾಗಿದ್ದು, ಆಮೇಲೆ ನನ್ನದೇ ಸೂತ್ರದ ಮೇಲೆ ಕುಕ್ಕರಿಸಿದೆ.

“ಮೇಣ ಹಚ್ಚಿ ಉಜ್ಜಿದ್ದೆ ಅಂತ ಹೇಳೋಕೇ ಬಂದಿದ್ದು,” ಎಂದು ಹಗ್ಗ ಸುತ್ತಿಟ್ಟು, ಮಗಳ ಕಡೆ ತಿರುಗಿದಳು. “ನೋಡು ಪುಟ್ಟಿ, ಹಿಡಿತ ಇದ್ದಿದ್ರೆ ಪೆಟ್ಟಿಗೆ ಅಪ್ಪನ್ನೂ ಮುಂದಕ್ಕೆ ಕರ್ಕೊಂಡು ಬರ್ತಿತ್ತು. ಇರಲಿಲ್ಲ, ಅವರು ಇದ್ದಲ್ಲೇ ಉಳಿದ್ರು. ಅದು ಅಡ್ಡ ಬರೋದು ಜಾರೋದಕ್ಕೆ, ಹೋಗೋದಕ್ಕಲ್ಲ.”

ಇಪ್ಪತ್ತೆರಡು ವರ್ಷದಿಂದ ನನಗೆ ಹೊಳೆಯದಿದ್ದ ವಾಕ್ಯ ಅದು. ನೋವಿನಲ್ಲೂ ಹೊಟ್ಟೆಕಿಚ್ಚಾಯಿತು.

ಸೋಮವಾರ ಗಂಟೆ ಹೊಡೆಯುವ ಮೊದಲೇ ಮಗಳು ಇಡೀ ತರಗತಿಗೆ ಪೆಟ್ಟಿಗೆಯ ಕತೆ ಸಮೇತ ಪಾಠ ಒಪ್ಪಿಸಿದ್ದಳು. ನಲವತ್ತು ಉತ್ತರಪತ್ರಿಕೆಯಲ್ಲೂ ಬಾಣ ಮುಂದಕ್ಕೇ ಇತ್ತು, ಕೆಳಗೆ ನನ್ನ ಹೆಂಡತಿಯ ವಾಕ್ಯವೇ ಇತ್ತು. ಖುಷಿಯಿಂದ ಪೂರ್ತಿ ಅಂಕ ಕೊಡುತ್ತಾ ಹೋದವನು ಆಮೇಲೆ ಚಿತ್ರಗಳನ್ನು ಗಮನಿಸಿದೆ. ನಲವತ್ತರಲ್ಲೂ ಮೇಲಿನ ದಿಮ್ಮಿಗೆ ಕನ್ನಡಕ ಮತ್ತು ಮೀಸೆ ಇತ್ತು.

ಹೆಡ್‌ಮಾಸ್ಟರು ಪತ್ರಿಕೆಗಳನ್ನು ತಿರುವಿ, ನನ್ನ ಮೀಸೆಯನ್ನು ನೋಡಿ, ಮತ್ತೆ ಪತ್ರಿಕೆ ನೋಡಿದರು. ತರಗತಿ ನನ್ನಲ್ಲೇ ಉಳಿಯಿತು. ಆ ವಾಕ್ಯ ಯಾರದೆಂದು ಕೇಳಿ ತಿಳಿದುಕೊಂಡು, ಮುಂದಿನ ಪಾಠಕ್ಕೆ ಮನೆಯವರನ್ನೂ ಕರೆದುಕೊಂಡು ಬಂದರೆ ಒಳ್ಳೆಯದು ಎಂದು ಸೂಚಿಸಿ, ಮುಂದಿದ್ದ ಕುರ್ಚಿ ತೋರಿಸಿ ಕೂರಲು ಹೇಳಿದರು.

“ಬೇಡ ಸಾರ್,” ಎಂದೆ, “ನಿನ್ನೆಯಿಂದ ನಿಂತೇ ಇದೀನಿ.”