ನಮ್ಮ ಮೇಷ್ಟ್ರು ಸುತ್ತಿದ ಉಡುಗೊರೆಗಳು

ಉಡುಗೊರೆ ಕೊಟ್ಟು ಮಾನ ಕಳಕೊಳ್ಳೋದು ಹೇಗೆ ಅಂತ ಯಾರಾದ್ರೂ ಕಲೀಬೇಕಿದ್ರೆ ನಮ್ಮ ಮನೇಲಿ ಆರು ತಿಂಗಳು ಇದ್ದು ಹೋಗಬಹುದಿತ್ತು. ಬೇರೆಯವರ ಮನೇಲಿ ಇಂಥದ್ದು ಯಾವಾಗಲೋ ಒಂದು ಸಲ ಆಗುತ್ತೆ, ಜನ ನಕ್ಕು ಮರೀತಾರೆ. ನಮಗೆ ಮದುವೆ, ಮುಂಜಿ, ನಾಮಕರಣ ಅಂತ ಯಾರು ಕರೆದರೂ ಆಗ್ತಿತ್ತು.

ನಮ್ಮ ಯಜಮಾನರು ಮಿಡ್ಲ್ ಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಊರೆಲ್ಲಾ ಮೇಷ್ಟ್ರು ಅನ್ನೋದನ್ನ ಕೇಳಿ ಕೇಳಿ ನನಗೂ ಅದೇ ರೂಢಿ. ಒಳ್ಳೆಯವರು. ಇಸ್ಪೀಟು ಮುಟ್ಟಿದವರಲ್ಲ, ನಶ್ಯ ಏರಿಸಿದವರಲ್ಲ. ಕೊಡೋದರಲ್ಲಿ ಜಿಪುಣರೂ ಅಲ್ಲ, ಬೆಳ್ಳಿ ಕೊಡಬೇಕಾದ ಕಡೆ ಬೆಳ್ಳೀನೇ ಕೊಡೋರು. ಆದರೆ ಅದರ ಮೇಲೆ ಸುತ್ತೋ ಬಣ್ಣದ ಕಾಗದ ಅಂದ್ರೆ ಮೈಮೇಲೆ ಬಂದವರ ಹಾಗೆ ಆಡೋರು.

"ಒಂದು ಮರ ಬೆಳೆಯೋಕೆ ಇಪ್ಪತ್ತು ವರ್ಷ ಬೇಕು ಕಣೇ. ಅದನ್ನ ಕಡಿದು, ಅರೆದು, ಬಣ್ಣ ಬಳಿದು, ಕಡೆಗೆ ಅರೆ ನಿಮಿಷದಲ್ಲಿ ಹರಿದು ತಿಪ್ಪೆಗೆ ಹಾಕೋದು. ಇದು ಯಾವ ಸೀಮೆ ಬುದ್ಧಿ?"

ಬುದ್ಧಿ ಯಾರಿಗಿಲ್ಲ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ. ಆಗಿನ್ನೂ ಹೊಸದಾಗಿ ಮದುವೆಯಾಗಿದ್ದೆ.

ಮುತ್ತುಗದ ಎಲೆ

ಗೌರಿಬಿದನೂರಿನಲ್ಲಿ ಸಂಸಾರ ಹೂಡಿ ಮೂರು ತಿಂಗಳಾಗಿತ್ತು. ಎದುರು ಮನೆ ಮಗುವಿನ ನಾಮಕರಣಕ್ಕೆ ಕರೆದರು. ಮೇಷ್ಟ್ರು ಹಾಲು ಕುಡಿಸೋ ಬೆಳ್ಳಿ ಒಳಲೆ ತಂದರು, ಮುದ್ದಾಗಿತ್ತು. ತೊಂಡೇಬಾವಿ ಕಡೆಯಿಂದ ರೈಲಲ್ಲಿ ಎಲೆ ಮಾರೋಕೆ ಬರೋವಳ ಹತ್ತಿರ ಮುತ್ತುಗದ ಎಲೆ ತಗೊಂಡು, ಕಡ್ಡಿ ಚುಚ್ಚಿ ಪೊಟ್ಟಣ ಮಾಡಿ, ಬಾಳೆನಾರಿನಲ್ಲಿ ಬಿಗಿದರು. "ನೋಡು, ಮಣ್ಣಿಂದ ಬಂದದ್ದು ಮಣ್ಣಿಗೇ ಹೋಗುತ್ತೆ" ಅಂದರು. ನಾಮಕರಣಕ್ಕೆ ಹೊರಟವರು ಆಡೋ ಮಾತಾ ಅದು?

ಆ ಮನೆಯಾಕೆ ಬಾಗಿಲಲ್ಲೇ ಪೊಟ್ಟಣ ಇಸಕೊಂಡು ಒಳಗೆ ಹೋದರು. ತೊಟ್ಟಿಲ ಶಾಸ್ತ್ರ ಆಯ್ತು, ಊಟ ಆಯ್ತು. ಯಾರು ಯಾರು ಏನೇನು ತಂದರು ಅಂತ ಎಲ್ಲರದ್ದೂ ತೋರಿಸಿದರು. ನಮ್ಮದರ ಸುದ್ದಿಯೇ ಇಲ್ಲ.

ಸಂಜೆ ಆಕೆ ನಮ್ಮ ಮನೆಗೆ ಓಡಿ ಬಂದರು. "ತಪ್ಪು ತಿಳೀಬೇಡಿ ಕಣಮ್ಮ. ಮಲ್ಲಿಗೆ ಹೂವು ತಂದಿದೀರ ಅಂದ್ಕೊಂಡೆ. ನೀರಿನ ಹಂಡೆ ಪಕ್ಕ ಇಟ್ಟು, ಬಾಡದೆ ಇರಲಿ ಅಂತ ಮೂರು ಸಲ ನೀರು ಚಿಮುಕಿಸಿದೆ. ಆರತಿಗೆ ಬಂದೋರಿಗೆ ಮುಡಿಸೋಣ ಅಂತ ಬಿಚ್ಚಿದ್ರೆ ಒಳಲೆ."

ನನಗೆ ನಾಚಿಕೆಯಾಗಿ ಹೋಯ್ತು. ಮೇಷ್ಟ್ರು ಮಾತ್ರ ಗೆದ್ದವರ ಹಾಗೆ ನನ್ನ ಕಡೆ ತಿರುಗಿ ಅಂದರು: "ಕೇಳಿದ್ಯಾ? ಮೂರು ಸಲ ನೀರು ಬಿದ್ರೂ ಏನೂ ಆಗಿಲ್ಲ. ನಿನ್ನ ಬಣ್ಣದ ಕಾಗದ ಆಗಿದ್ರೆ ಮಗು ಕೈಗೆಲ್ಲ ಬಣ್ಣ ಹತ್ತೋದು."

ಅಕ್ಕ ಬಂದಳು

ನನ್ನ ಅಕ್ಕನ್ನ ಚಿಕ್ಕಬಳ್ಳಾಪುರದ ವಕೀಲರ ಮನೆಗೆ ಕೊಟ್ಟಿದ್ದರು. ನಮ್ಮ ಮಗಳ ನಾಮಕರಣಕ್ಕೆ ಅವಳು ಬಂದಾಗ ಕೈಯಲ್ಲೊಂದು ಪೊಟ್ಟಣ. ಕೆಂಪು ಅಂದ್ರೆ ಅಂಥಾ ಕೆಂಪು, ಮಿರಮಿರ ಅಂತ ಹೊಳೆಯೋ ಕಾಗದ. ಕೇರಿ ಹೆಂಗಸರೆಲ್ಲಾ ಒಳಗಿನ ಬೆಳ್ಳಿ ಬಟ್ಟಲು ಬಿಟ್ಟು ಕಾಗದವನ್ನೇ ಸವರಿ ನೋಡಿದರು. ಒಳಮೈಯಲ್ಲಿ ಅಕ್ಕ ದುಂಡಕ್ಷರದಲ್ಲಿ ಮಗುವಿಗೆ ಆಶೀರ್ವಾದ ಬೇರೆ ಬರೆದಿದ್ದಳು. ನನಗೋ ಕಣ್ಣು ತುಂಬಿ ಬಂತು. ಬಾಣಂತಿಗೆ ಅಷ್ಟು ಸಾಕಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದು, "ಹರೀಬೇಡಿ, ಯಾರೂ ಹರೀಬೇಡಿ" ಅಂತ ಎಲ್ಲರನ್ನೂ ಸರಿಸಿ, ಉಳಿದ ಅಂಟು ಬಿಡಿಸಿ, ಕಾಗದವನ್ನ ಎರಡೂ ಅಂಗೈಯಲ್ಲಿ ತೀಡಿ ಮಡಿಸಿಕೊಂಡರು. ಅಕ್ಕ ಮೂಗು ಮುರಿದು ನನ್ನನ್ನ ಪಕ್ಕಕ್ಕೆ ಕರೆದಳು.

"ನಿಮ್ಮ ಒಳಲೆಗೆ ನೀರು ಚಿಮುಕಿಸಿದ ಕತೆ ನಮ್ಮೂರಿಗೂ ಬಂದಿದೆ ಕಣೇ. ನಮ್ಮನೇಲಿ ಎಲ್ಲರೂ ನಗ್ತಾರೆ. ಒಂದು ಮಾತು ನಡೆಸಿಕೊಡು. ನಾಳೆ ನನ್ನ ಮಗಳ ಮದುವೆಗೆ ನೀನು ಏನಾದ್ರೂ ತಾ, ತೆಂಗಿನಕಾಯೇ ತಾ. ಆದರೆ ಒಳ್ಳೇ ಕಾಗದದಲ್ಲಿ ಸುತ್ತಿ ತಾ. ಬೀಗರ ಮುಂದೆ ನನ್ನ ತಲೆ ತಗ್ಗಿಸಬೇಡ."

ಅವಳ ಮಗಳಿಗೆ ಆಗ ಎಂಟು ವರ್ಷ. ಹತ್ತು ವರ್ಷ ಟೈಮಿದೆ, ಇವರನ್ನ ತಿದ್ದಬಹುದು ಅಂತ ಧೈರ್ಯವಾಗಿ ಕೈ ಮೇಲೆ ಕೈ ಹಾಕಿ ಮಾತು ಕೊಟ್ಟೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅನ್ನೋದು ಆ ವಯಸ್ಸಿಗೆ ಎಲ್ಲಿ ಗೊತ್ತು.

ಮಾರನೇ ದಿನ ಮೇಷ್ಟ್ರು ಆ ಕಾಗದ ಹಿಡಕೊಂಡು ಸ್ಕೂಲಿಗೆ ಹೊರಟರು. ಯಾಕೆ ಅಂದೆ.

"ಮಕ್ಕಳಿಗೆ ತೋರಿಸ್ತೀನಿ."

"ಏನಂತ?"

"ಮರ ಸತ್ತ ಮೇಲೆ ಹೀಗಿರುತ್ತೆ ಅಂತ."

ನಕಾಶೆಯಲ್ಲಿಲ್ಲದ ಊರು

ನಮ್ಮ ರಾಜ್ಯ ದೊಡ್ಡದಾಯ್ತಲ್ಲ, ಆಗ ಸ್ಕೂಲಿಗೆ ಹೊಸ ನಕಾಶೆ ಬಂತು. ಹಳೇ ಮೈಸೂರು ರಾಜ್ಯದ ನಕಾಶೆ ಕೆಲಸಕ್ಕೆ ಬಾರದ್ದಾಯ್ತು. ಮೇಷ್ಟ್ರಿಗೆ ನಿಧಿ ಸಿಕ್ಕಂತಾಯ್ತು. ಹಿಂದೆ ಬಟ್ಟೆ ಅಂಟಿಸಿದ ಗಟ್ಟಿ ನಕಾಶೆ, ಹರಿಯೋ ಮಾತೇ ಇಲ್ಲ.

ಅದೇ ವರ್ಷ ಊರಿನ ಒಬ್ಬ ಹುಡುಗೀನ ಪಕ್ಕದ ಹಿಂದೂಪುರಕ್ಕೆ ಮದುವೆ ಮಾಡಿ ಕೊಟ್ಟರು. ಇವರ ಹತ್ತಿರವೇ ಓದಿದವಳು. ಹಿತ್ತಾಳೆ ದೀಪದ ಕಂಬಕ್ಕೆ ನಕಾಶೆ ಸುತ್ತಿ ತಗೊಂಡು ಹೋದೆವು. ಗಂಡಿನ ಸೋದರಮಾವ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡ, ತೆಲುಗು ಎರಡೂ ಬೆರೆಸಿ ಮಾತಾಡೋರು.

"ಏಮಯ್ಯಾ ಮೇಷ್ಟ್ರೇ, ಇದರಲ್ಲಿ ಗೌರಿಬಿದನೂರು ಉಂದಿ. ಮಾ ಊರೇ ಲೇದು ಕದಾ. ಹುಡುಗೀನ ಎಲ್ಲಿಗೆ ಕೊಟ್ಟಿದೀರಾ ಹಂಗಾದ್ರೆ?"

ಅದು ಮೈಸೂರು ರಾಜ್ಯದ ನಕಾಶೆ, ಆಂಧ್ರದ ಹಿಂದೂಪುರ ಅದರಲ್ಲೆಲ್ಲಿರುತ್ತೆ, ಗಡಿಯಾಚೆ ಎಲ್ಲಾ ಬರೀ ಬಿಳಿ. ಗಂಡಿನ ಕಡೆಯವರು ಗುಸುಗುಸು ಶುರುಮಾಡಿದರು. ತಪ್ಪಾಯ್ತು ಅಂದು ಕೂತಿದ್ರೆ ಮುಗೀತಿತ್ತು. ಇವರು ಜೇಬಿನಿಂದ ಪೆನ್ಸಿಲ್ ತೆಗೆದು, ಧಾರೆ ಮಂಟಪದಲ್ಲೇ ಕೂತು, ಬಿಳಿ ಜಾಗದಲ್ಲಿ ಚುಕ್ಕೆ ಇಟ್ಟು ಹಿಂದೂಪುರ ಬರೆದರು. ರೈಲು ದಾರಿಯನ್ನೂ ಎಳೆದರು. ಅಷ್ಟಾದ ಮೇಲೆ ಮದುವೆ ಮರೆತೇ ಹೋಯ್ತೋ ಏನೋ, ತಲೆ ಎತ್ತಿ, "ಗೌರಿಬಿದನೂರು ಯಾವ ನದಿ ದಡದಲ್ಲಿದೆ?" ಅಂದರು.

ಬಾಸಿಂಗ ಕಟ್ಟಿಕೊಂಡು ಕೂತಿದ್ದ ಮದುವಣಗಿತ್ತಿ ಗಂಡನ ಕೈ ಬಿಟ್ಟು ಎದ್ದು ನಿಂತು, ಕೈ ಕಟ್ಟಿ, "ಉತ್ತರ ಪಿನಾಕಿನಿ, ಸಾರ್" ಅಂದಳು.

ಲಕ್ಷ್ಮಿ ಬಂದ ಮನೆ

ಆಮೇಲೆ ಶಿಡ್ಲಘಟ್ಟಕ್ಕೆ ವರ್ಗವಾಯ್ತು. ನಮ್ಮ ಮನೆ ಮಾಲೀಕರು ರೇಷ್ಮೆ ನೂಲು ತೆಗೆಸೋರು. ಅವರು ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದರು. ನಾವು ಹಿತ್ತಾಳೆ ಕಾಫಿ ಫಿಲ್ಟರ್ ಕೊಟ್ಟೆವು. ನಾನು ಈ ಸಲ ಎಲೆ ಬೇಡ, ನಕಾಶೆ ಬೇಡ ಅಂತ ಮೊದಲೇ ಹಟ ಹಿಡಿದೆ. ಆಗಲಿ ಅಂದು, ಗೋಡೆ ಮೇಲಿದ್ದ ಹೋದ ವರ್ಷದ ಕ್ಯಾಲೆಂಡರ್ ಇಳಿಸಿ, ಲಕ್ಷ್ಮಿ ಚಿತ್ರ ಮೇಲೆ ಬರೋ ಹಾಗೆ ನೀಟಾಗಿ ಸುತ್ತಿದರು. ನಿಜ ಹೇಳ್ತೀನಿ, ಚೆನ್ನಾಗೇ ಕಾಣ್ತು. ಅಂತೂ ದಾರಿಗೆ ಬಂದರು ಅಂದ್ಕೊಂಡೆ.

ಎರಡು ತಿಂಗಳು ಕಳೆದು ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೋದರೆ, ಆ ಮನೆ ದೇವರ ಮಂಟಪದ ನಟ್ಟನಡುವೆ ನಮ್ಮ ಪೊಟ್ಟಣ. ಮೇಲೆ ಸೇವಂತಿಗೆ, ಮುಂದೆ ತುಪ್ಪದ ದೀಪ.

"ಇನ್ನೂ ಬಿಚ್ಚಿಲ್ವೇನ್ರಿ?" ಅಂತ ಮನೆಯಾಕೇನ ಕೇಳಿದೆ.

"ಲಕ್ಷ್ಮೀನ ಹರಿಯೋದುಂಟೇನಮ್ಮ? ಆಯಮ್ಮ ಬಂದಾಗಿನಿಂದ ನೂಲು ತಗೊಳ್ಳೋರು ಮನೆ ಬಾಗಿಲಿಗೇ ಬರ್ತಾರೆ."

"ಒಳಗೆ ಕಾಫಿ ಫಿಲ್ಟರ್ ಇದೆ ರೀ."

ಆಕೆ ಕೆನ್ನೆ ಕೆನ್ನೆ ಬಡಕೊಂಡು, "ಒಳಗೆ ಏನಿದ್ರೆ ಏನು, ನೀವು ಮೊದಲು ನಮಸ್ಕಾರ ಮಾಡಿ" ಅಂದರು. ಏನು ಮಾಡಲಿ, ಮಾಡಿದೆ. ಆಮೇಲೆ ಕಾಫಿ ಕೊಟ್ಟರು, ಲೋಟದ ತಳದಲ್ಲಿ ತುಂಬ ಗಷ್ಟು. ಫಿಲ್ಟರ್ ಇಲ್ಲದೆ ಬಟ್ಟೇಲಿ ಸೋಸಿದ್ದರು.

ಗುಡ್ಡಲೋ

ಕಡೆಗೂ ಅಕ್ಕನ ಮಗಳ ಮದುವೆ ಗೊತ್ತಾಯ್ತು. ಅಷ್ಟರಲ್ಲಿ ನಾವು ಚಿಂತಾಮಣಿಗೆ ಬಂದಿದ್ದೆವು. ಅಕ್ಕ ಲಗ್ನಪತ್ರಿಕೆಯ ಅಂಚಿನಲ್ಲಿ ಬರೆದಿದ್ದಳು: "ಮಾತು ನೆನಪಿದೆ ತಾನೆ?"

ನೆನಪಿಲ್ಲದೆ ಏನು. ನೀನು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅಂತ ಈ ಸಲ ಮೇಷ್ಟ್ರಿಗೆ ಹೇಳಲೇ ಇಲ್ಲ. ನಾನೇ ಹೋಗಿ ರೇಷ್ಮೆ ಸೀರೆ ತಂದೆ, ಪೇಟೆಯಲ್ಲಿ ಗುಲಾಬಿ ಬಣ್ಣದ ಹೊಳೆಯೋ ಕಾಗದ ತಂದೆ, ಸುತ್ತಿ ಪಕ್ಕದ ಮನೆಯಾಕೆ ಹತ್ತಿರ ಇಟ್ಟೆ. ಅವರು ತೆಲುಗಿನವರು, ಒಳ್ಳೇ ಹೆಂಗಸು.

ಹೊರಡೋ ದಿನ ನನ್ನ ಕೈ ಚಕ್ಕುಲಿ ಹಿಟ್ಟಿನಲ್ಲಿತ್ತು. ಬಸ್ಸಿಗೆ ಎರಡೇ ಗಂಟೆ. ಇನ್ನು ಬಿಚ್ಚೋಕೆ ಟೈಮಿಲ್ಲ ಅಂತ ಧೈರ್ಯ ಮಾಡಿ ಇವರಿಗೆ ವಿಷಯ ಹೇಳಿ, ಸೀರೆ ತನ್ನಿ ಅಂತ ಕಳಿಸಿದೆ. ಹೋದವರು ಹೋದರು. ಅರ್ಧ ಗಂಟೆ, ಮುಕ್ಕಾಲು ಗಂಟೆ, ಒಂದು ಗಂಟೆ. ಬಂದಾಗ ನೋಡ್ತೀನಿ, ಪಂಚೆ ತುಂಬ ಉತ್ತರಾಣಿ ಮುಳ್ಳು, ಮೈಯೆಲ್ಲ ಬೆವರು, ಕೈ ಖಾಲಿ.

"ಗುಡ್ಡ ಪೂರ್ತಿ ಹುಡುಕಿದೆ ಕಣೇ. ಎಲ್ಲೂ ಇಲ್ಲ."

"ಯಾವ ಗುಡ್ಡ?"

ಆಗಿದ್ದು ಇಷ್ಟು. ಪಕ್ಕದ ಮನೆಯಾಕೆ ಹರಕೆ ತೀರಿಸೋಕೆ ಮುರುಗಮಲ್ಲದ ದರ್ಗಾಕ್ಕೆ ಹೋಗಿದ್ದರು. ಮನೇಲಿದ್ದ ಆಕೆಯ ಅತ್ತೆ ಇವರನ್ನ ನೋಡಿ, "ಗುಡ್ಡಲೋ ಪೆಟ್ಟಿ ಪೋಯಿಂದಿ ಸಾಮಿ" ಅಂದಿದ್ದಾರೆ. ತೆಲುಗಿನಲ್ಲಿ ಗುಡ್ಡ ಅಂದ್ರೆ ಬಟ್ಟೆ. ಬಟ್ಟೇಲಿ ಕಟ್ಟಿಟ್ಟು ಹೋಗಿದ್ದಾಳೆ ಅಂತ ಆ ಅಜ್ಜಿ ಹೇಳಿದ್ದು. ಇವರು ಹುಟ್ಟಿದ್ದು ನಂಜನಗೂಡು ಕಡೆ. ಹನ್ನೆರಡು ವರ್ಷ ಈ ಸೀಮೇಲಿದ್ರೂ ಇವರ ತೆಲುಗು "ಬಾಗುನ್ನಾರಾ" ದಾಟಿರಲಿಲ್ಲ. ಸೀದಾ ಊರಾಚೆ ಗುಡ್ಡ ಹತ್ತಿದ್ದಾರೆ.

"ಅಲ್ಲಿ ಯಾರೂ ಇರಲಿಲ್ವಾ ನಿಮಗೆ ಬುದ್ಧಿ ಹೇಳೋಕೆ?"

"ಒಬ್ಬ ಕುರಿ ಕಾಯೋನಿದ್ದ. ಏನು ಹುಡುಕ್ತೀರಾ ಮೇಷ್ಟ್ರೇ ಅಂದ. ರೇಷ್ಮೆ ಸೀರೆ ಅಂದೆ."

"ಅದಕ್ಕೇನಂದ?"

"ಸೀರೆ ಇರ್ಲಿ ಸ್ವಾಮಿ, ಉಟ್ಟಿದ್ದೋರು ಎತ್ತ ಹೋದ್ರು ಅಂತ ಕೇಳಿದ."

ಮಾತು ನಡೆಸಿಕೊಟ್ಟದ್ದು

ಹಿಟ್ಟಿನ ಕೈಯಲ್ಲೇ ನಾನು ಪಕ್ಕದ ಮನೆಗೆ ಓಡಿದೆ. ಅಜ್ಜಿ ಗಂಟು ತಂದು ಕೊಟ್ಟರು. ಸೀರೆ ಶುಭ್ರವಾಗಿ ಮಲ್ಲು ಬಟ್ಟೇಲಿತ್ತು. ಕಾಗದ ಇರಲಿಲ್ಲ. ಕಾಗದದಲ್ಲಿಟ್ಟರೆ ಇಲಿ ಕಡಿಯುತ್ತೆ ಅಂತ ಸೊಸೆ ಬಟ್ಟೆಗೆ ಹಾಕಿದಳಂತೆ. ಕಾಗದ ಸುಮ್ಮನೆ ಹಾಳಾಗಬಾರದಲ್ಲ ಅಂತ ಅಜ್ಜಿ ಬೆರಳು ತೋರಿಸಿದರು. ಅಡಿಗೆಮನೆ ಗೂಡಿನ ಅಂಚಿಗೆ, ಚಟ್ನಿಪುಡಿ ಡಬ್ಬಗಳ ಕೆಳಗೆ, ನನ್ನ ಗುಲಾಬಿ ಕಾಗದ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿತ್ತು. ಫ್ಯಾಕ್ಟರೀಲಿ ಮಾಡಿದ ಹಾಗಿತ್ತು.

ಮನೆಗೆ ಬಂದು ಕೂತು ಅತ್ತುಬಿಟ್ಟೆ. ಅಂಗಡಿಗೆ ಹೋಗಿ ಹುಡುಕೋಕೆ ಹೊತ್ತಿಲ್ಲ. ಇಷ್ಟು ವರ್ಷ ಎಲೆ ಅಂದ್ರಿ, ನಕಾಶೆ ಅಂದ್ರಿ, ಸುಮ್ಮನಿದ್ದೆ, ನನ್ನ ಒಡಹುಟ್ಟಿದವಳಿಗೆ ಕೊಟ್ಟ ಒಂದು ಮಾತೂ ಹೋಯ್ತಲ್ಲ ಅಂತ ಇವರ ಮೇಲೆ ಬಾಯಿಗೆ ಬಂದದ್ದೆಲ್ಲ ಅಂದೆ. ಇವರು ಪಂಚೆಯ ಮುಳ್ಳೂ ಕೀಳದೆ ಸ್ಕೂಲಿನ ಬೀಗದ ಕೈ ತಗೊಂಡು ಹೋದರು. ನಾನು ಮುಖ ತೊಳೆದು ಮಗಳಿಗೆ ಜಡೆ ಹಾಕೋ ಹೊತ್ತಿಗೆ ವಾಪಸ್ಸು ಬಂದರು, ಸೀರೆ ಅವರೇ ಸುತ್ತಿ ನನ್ನ ಮಡಿಲಲ್ಲಿಟ್ಟರು.

ಕೆಂಪು ಕಾಗದ. ಒಂದು ಸುಕ್ಕಿಲ್ಲ, ಮಿರಮಿರ ಮಿಂಚ್ತಿದೆ.

ಎಲ್ಲಿಂದ ಬಂತು ಅಂತ ಕೇಳಬೇಕಿತ್ತು, ಕೇಳಲಿಲ್ಲ. ಸ್ಕೂಲಿನ ಸಮಾರಂಭಕ್ಕೆ ತಂದದ್ದಿರಬೇಕು, ನನಗೋಸ್ಕರ ತಮ್ಮ ಹಟ ಬಿಟ್ಟರಲ್ಲ ಅಂತ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದವರೆಗೂ ಅವರ ಮುಖವನ್ನೇ ನೋಡಿದೆ. ಬೈದದ್ದಕ್ಕೆ ಪಶ್ಚಾತ್ತಾಪ ಬೇರೆ.

ಮದುವೆ ಮನೇಲಿ ಅಕ್ಕ ಪೊಟ್ಟಣ ನೋಡಿದ್ದೇ ಅರಳಿಹೋದಳು. ನನ್ನ ಕೈ ಹಿಡಕೊಂಡು ಬೀಗರ ಮುಂದೆ ಕರಕೊಂಡು ಹೋಗಿ, "ಇವಳು ನನ್ನ ತಂಗಿ. ಕೆಂಪು ಕಾಗದದಲ್ಲಿ ತಂದಿದಾಳೆ ನೋಡಿ" ಅಂದಳು. ಏನು ತಂದಿದಾಳೆ ಅಂತ ಅವಳಿಗೆ ಬೇಕಿರಲಿಲ್ಲ. ನನಗೂ ಅಷ್ಟೇ, ಎದೆ ಮೇಲಿನ ಹತ್ತು ವರ್ಷದ ಕಲ್ಲು ಇಳಿದ ಹಾಗಾಯ್ತು. ಬೀಗತಿ ಕುತೂಹಲಕ್ಕೆ, "ಬಿಚ್ಚಿ, ನಾವೂ ನೋಡೋಣ" ಅಂದರು. ಅಕ್ಕ ಬಿಚ್ಚಿದಳು. ಸೀರೆ ಮದುಮಗಳ ಮಡಿಲಿಗೆ ಜಾರಿತು, ಅಕ್ಕನ ಕಣ್ಣು ಕಾಗದದ ಒಳಮೈಯಲ್ಲೇ ನಿಂತುಬಿಟ್ಟಿತು. ಬೀಗತಿ ಅವಳ ಕೈಯಿಂದ ಇಸಕೊಂಡು ಗಟ್ಟಿಯಾಗಿ ಓದಿದರು.

"ತೊಟ್ಟಿಲಲ್ಲಿ ಆಡೋ ಪುಟ್ಟ ಕಂದನಿಗೆ ದೊಡ್ಡಮ್ಮನ ಆಶೀರ್ವಾದ."

ಓಲಗದವರೂ ಅದೇ ಹೊತ್ತಿಗೆ ಊದೋದು ನಿಲ್ಲಿಸಬೇಕಾ? ಬೀಗತಿ ಮದುಮಗಳನ್ನ ಒಂದು ಸಲ ತಲೆಯಿಂದ ಕಾಲವರೆಗೆ ನೋಡಿ, "ಇನ್ನೂ ಬೆಳಿಗ್ಗೆ ತಾನೆ ತಾಳಿ ಕಟ್ಟಿದ್ದು. ಈಗಲೇ ಯಾರ ತೊಟ್ಟಿಲು?" ಅಂದರು. ಅಕ್ಕನ ಮುಖ ಕಾಗದದಷ್ಟೇ ಕೆಂಪಾಯ್ತು. ಅವಳು ತನ್ನದೇ ದುಂಡಕ್ಷರ ಗುರುತು ಹಿಡಿದು ನನ್ನ ಕಡೆ ತಿರುಗಿದಳು. ನೆಲ ಬಿರಿದು ನನ್ನನ್ನ ನುಂಗಬಾರದೇ ಅಂದ್ಕೊಂಡೆ. ನಾನು ತೊದಲಿ ತೊದಲಿ, ಇದು ನನ್ನ ಮಗಳ ನಾಮಕರಣದ್ದು, ಅಕ್ಕನೇ ಬರೆದದ್ದು, ಹತ್ತು ವರ್ಷ ಹಳೇದು ಅಂತ ಬೀಗತಿಗೆ ವಿವರಿಸಿದೆ. ಆಕೆಗೆ ನಂಬಿಕೆ ಬಂತು ಅನ್ನೋ ಹೊತ್ತಿಗೆ ಅಕ್ಕನಿಗೆ ಸಿಟ್ಟು ನೆತ್ತಿಗೇರಿ, ಕಾಗದ ಕಿತ್ತುಕೊಂಡು ಎರಡು ಹೋಳು ಮಾಡೋಕೆ ಹೊರಟಳು.

ಹಿಂದಿನಿಂದ ಮೇಷ್ಟ್ರ ಕೈ ಬಂದು ಕಾಗದ ಹಿಡೀತು.

"ಹರೀಬೇಡಿ. ಮುಂದಿನ ವರ್ಷ ಇವರ ಮನೇಲಿ ತೊಟ್ಟಿಲು ಕಟ್ಟಿದಾಗ ಬೇಕಾಗುತ್ತೆ. 'ದೊಡ್ಡಮ್ಮ' ಅನ್ನೋದನ್ನ 'ಅಜ್ಜಿ' ಅಂತ ತಿದ್ದಿದ್ರೆ ಆಯ್ತು."