ಒಂದು ಕರೆ ಸಾಕು

ಎಲ್ಲದಕ್ಕೂ ಕಾರಣ ಆ ಹಲ್ಲಿನ ಡಾಕ್ಟರು. ಮೂರು ತಿಂಗಳ ಹಿಂದೆ ಅವರ ಕ್ಲಿನಿಕ್ಕಿನ ಕರಪತ್ರದಲ್ಲಿ ಫೋನ್ ನಂಬರಿನ ಒಂದೇ ಒಂದು ಅಂಕಿ ತಪ್ಪಿ ಅಚ್ಚಾಯಿತು. ಊರಿನಲ್ಲಿ ಹಲ್ಲುನೋವು ಬಂದವರೆಲ್ಲ ಯಾರೋ ನಿವೃತ್ತ ಹೆಡ್‌ಮಾಸ್ಟರಿಗೆ ಫೋನ್ ಮಾಡಿ ಗೋಳು ತೋಡಿಕೊಂಡರು. ಹೆಡ್‌ಮಾಸ್ಟರು ಮೊದಲ ವಾರ ಬೈದರು, ಎರಡನೇ ವಾರ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿದರು, ಮೂರನೇ ವಾರ ಕರಪತ್ರ ಹಿಡಿದುಕೊಂಡು ನೇರವಾಗಿ ಡಿಸೈನ್ ಆಫೀಸಿಗೇ ಬಂದು ಮೇಡಂ ಎದುರು ಕುಳಿತರು.

ಕರಪತ್ರ ಮಾಡಿದ ಡಿಸೈನರ್‌ನನ್ನು ಮೇಡಂ ಕರೆಸಿದರು. ಅವರು ಕೂಗಾಡುವ ಪೈಕಿಯಲ್ಲ. ಮೆಲ್ಲಗೆ ಹೇಳಿದರು: "ಇನ್ನೊಂದು ಸಲ ನಂಬರ್ ತಪ್ಪಿದ್ರೆ, ಆಮೇಲೆ ನೀವು ಡಿಸೈನ್ ಮಾಡೋದು ನಿಮ್ಮ ರೆಸ್ಯೂಮೆ ಒಂದನ್ನೇ."

ಅಂದಿನಿಂದ ಆ ಮನುಷ್ಯ ಯಾರನ್ನೂ, ಯಾವುದನ್ನೂ ನಂಬುವುದನ್ನು ಬಿಟ್ಟ. ಗ್ರಾಹಕರು ಪ್ರೂಫಿನ ಮೇಲೆ ಹಾಕಿದ ಸಹಿಯನ್ನೂ ನಂಬಲಿಲ್ಲ. ಹಲ್ಲಿನ ಡಾಕ್ಟರೂ ಸಹಿ ಹಾಕಿದ್ದರಲ್ಲ. ಸಹಿ ಹಾಕುವವರು ನೋಡುವುದು ತಮ್ಮ ಫೋಟೋ ಚೆನ್ನಾಗಿ ಬಂದಿದೆಯೇ ಎಂಬುದನ್ನು ಮಾತ್ರ ಎಂಬ ಜ್ಞಾನೋದಯ ಅವನಿಗಾಗಿತ್ತು. ಹಾಗಾಗಿ ಏನೇ ಅಚ್ಚಿಗೆ ಹೋಗಲಿ, ಅದರಲ್ಲಿರುವ ನಂಬರಿಗೆ ತಾನೇ ಒಮ್ಮೆ ಫೋನ್ ಮಾಡಿ ನೋಡುವ ನಿಯಮ ಮಾಡಿಕೊಂಡ. ಮನೆಯಲ್ಲೂ ಅಷ್ಟೆ. ಕೈಯಲ್ಲಿ ಬೀಗದ ಕೈ ಇದ್ದರೂ ಬೆಲ್ ಒತ್ತಿ, ಅದು ತಮ್ಮ ಮನೆಯೊಳಗೇ ಸದ್ದು ಮಾಡಿತೆಂದು ಖಾತ್ರಿಯಾದ ಮೇಲೆಯೇ ಒಳಗೆ ಕಾಲಿಡುತ್ತಿದ್ದ. ಆಫೀಸಿನವರು ಅವನಿಗೆ ಡೌಟಪ್ಪ ಎಂದು ಹೆಸರಿಟ್ಟರು. ಹೆಂಡತಿಯೂ ಅದನ್ನೇ ಒಪ್ಪಿಕೊಂಡುಬಿಟ್ಟಳು.

ಹೀಗಿರುವಾಗ ಬೀಗದಂಗಡಿ ಯಜಮಾನರ ಕೆಲಸ ಬಂತು. ಬೀಗ, ತಿಜೋರಿ, ಬಾಗಿಲಿಗೆ ಹಾಕುವ ಇಣುಕುಗಾಜು ಮಾರುವವರು ಅವರು. ಹೊಸ ಅಂಗಡಿ, ಹೊಸ ಲೋಗೋ, ಹೊಸ ವೆಬ್‌ಸೈಟ್, ಐದು ಸಾವಿರ ಕ್ಯಾಟಲಾಗ್. ರಕ್ಷಾಪುಟದ ಮೇಲೆ ದಪ್ಪಕ್ಷರದಲ್ಲಿ 'ಒಂದು ಕರೆ ಸಾಕು, ಬಾಗಿಲಿಗೇ ಬರುತ್ತೇವೆ' ಎಂಬ ಸಾಲು, ಅದರ ಕೆಳಗೆ ಅಂಗೈಯಗಲದ ನಂಬರು. ಅಚ್ಚಿನ ಮರುದಿನವೇ ಅಂಗಡಿ ಶುರು. ಪ್ರೂಫಿಗೆ ಸಹಿಯಾಗಿತ್ತು, ಅಚ್ಚಿನ ಪ್ಲೇಟು ಪ್ರೆಸ್ಸಿಗೆ ಹೋಗಿತ್ತು, ಹತ್ತೂವರೆಗೆ ಮಷಿನ್ ಓಡಿಸುವುದೆಂದು ಮಾತಾಗಿತ್ತು. ಹತ್ತು ಗಂಟೆಗೆ ಡೌಟಪ್ಪ ತನ್ನ ನಿಯಮದಂತೆ ಆ ನಂಬರ್ ಒತ್ತಿದ.

ಹೆಣ್ಣುದನಿಯೊಂದು ಬಂತು. ಅವನು ಬೀಗದಂಗಡಿಯೇ ಎಂದು ಕೇಳಿದ. "ರಾಂಗ್ ನಂಬರ್" ಎಂದ ದನಿ ಫೋನ್ ಇಟ್ಟಿತು.

ಬೆರಳು ಜಾರಿರಬಹುದೆಂದು ಡೌಟಪ್ಪ ಪ್ರೂಫನ್ನು ಪಕ್ಕದಲ್ಲಿಟ್ಟುಕೊಂಡು ಅಂಕಿ ಅಂಕಿಯನ್ನೂ ತಾಳೆ ನೋಡಿದ. ಸರಿಯಾಗಿಯೇ ಒತ್ತಿದ್ದ. ತನ್ನ ಫೋನೇ ಕೆಟ್ಟಿದೆಯೋ ಏನೋ ಎಂಬ ಅನುಮಾನ ಬಂದು, ಪಕ್ಕದ ಮೇಜಿನಲ್ಲಿ ವೆಬ್‌ಸೈಟ್ ಕೆಲಸ ಮಾಡುವ ವೆಬ್ಬಕ್ಕನ ಫೋನ್ ಇಸಿದುಕೊಂಡು ಮತ್ತೆ ಮಾಡಿದ. ಈ ಸಲ ಗಂಡುದನಿ. ಇಲ್ಲಿ ಬೀಗವೂ ಇಲ್ಲ, ಬಾಗಿಲೂ ಇಲ್ಲ, ನೀವ್ಯಾರು, ಎಲ್ಲಿಂದ ಮಾತಾಡ್ತಿದೀರಿ, ಈ ನಂಬರ್ ಕೊಟ್ಟವರು ಯಾರು ಎಂದು ಒಂದೇ ಉಸಿರಿಗೆ ಕೇಳಿದ ಆ ದನಿ ಉತ್ತರಕ್ಕೂ ಕಾಯದೆ ಮಾಯವಾಯಿತು.

"ಮುಗೀತು ನನ್ನ ಕತೆ" ಎಂದು ಡೌಟಪ್ಪ ಕುರ್ಚಿಗೆ ಕುಸಿದ.

ವೆಬ್ಬಕ್ಕ ಸಮಾಧಾನದ ಹೆಂಗಸು. ಯಜಮಾನರನ್ನೇ ಕೇಳಿದರಾಯಿತು ಎಂದಳು. ಕೇಳುವುದು ಹೇಗೆ? ಅವರ ಫೈಲಿನಲ್ಲಿ ಇದ್ದುದು ಅದೊಂದೇ ನಂಬರು. ನಂಬರ್ ಸರಿಯೇ ಎಂದು ಕೇಳಲು ಅದೇ ನಂಬರಿಗೆ ಫೋನ್ ಮಾಡಬೇಕು. ಅವರ ಸ್ವಂತ ನಂಬರು ಮೇಡಂ ಬಳಿ ಮಾತ್ರ ಇತ್ತು. ಮೇಡಂ ಬೇರೊಬ್ಬ ಗ್ರಾಹಕರ ಮೀಟಿಂಗಿನಲ್ಲಿದ್ದರು, ಮೀಟಿಂಗಿನಲ್ಲಿ ಅವರ ಫೋನು ಸದಾ ಆಫ್. ಹೊಸ ಅಂಗಡಿಯಲ್ಲಿ ಯಾರಾದರೂ ಸಿಕ್ಕಾರೆಂದು ಡೌಟಪ್ಪ ಅಲ್ಲಿಗೆ ಓಡಿದ. ಅಲ್ಲಿ ಗಾಜಿಗೆಲ್ಲ ಕಾಗದ ಅಂಟಿಸಿ, ಬಾಗಿಲಿಗೆ ಒಂದರ ಕೆಳಗೊಂದು ಏಳು ಬೀಗ ಜಡಿದಿದ್ದರು.

ದಾರಿಯುದ್ದಕ್ಕೂ ಅವನ ತಲೆಯೊಳಗೆ ಒಂದೇ ಪ್ರಶ್ನೆ ಕೊರೆಯುತ್ತಿತ್ತು: ನಂಬರ್ ಬದಲಾಯಿಸಿದವರು ಯಾರು? ವೆಬ್ಬಕ್ಕನಿಗೆ ಬಹಳ ದಿನಗಳಿಂದ ಅವನ ಕಿಟಕಿ ಪಕ್ಕದ ಸೀಟಿನ ಮೇಲೆ ಕಣ್ಣಿತ್ತು. ಮೊನ್ನೆಯಷ್ಟೇ ಆಕೆ ಕಿಟಕಿ ಬಳಿ ನಿಂತು ಎಷ್ಟು ಗಾಳಿ ಬರುತ್ತೆ ಇಲ್ಲಿ ಎಂದಿದ್ದಳು. ಸುಮ್ಮಸುಮ್ಮನೆ ಯಾರಾದರೂ ಗಾಳಿಯನ್ನು ಹೊಗಳುತ್ತಾರೆಯೇ? ಫೋನು ಕೇಳಿದಾಗ ಏನೊಂದೂ ಕೊಸರಾಡದೆ ಕೊಟ್ಟಿದ್ದೂ ಈಗ ಅವನಿಗೆ ವಿಚಿತ್ರವಾಗಿ ಕಂಡಿತು. ತನ್ನ ಕೆಲಸಕ್ಕೆ ಯಾರೋ ಗುಂಡಿ ತೋಡುತ್ತಿದ್ದಾರೆ ಎಂಬುದು ಅವನಿಗೆ ಖಚಿತವಾಯಿತು.

ಹಿಂದಿನ ಬೀದಿಯಲ್ಲಿ ಯಜಮಾನರ ಹಳೇ ಅಂಗಡಿಯಿತ್ತು. ಬೋರ್ಡು ಇಳಿಸಿದ್ದರು, ಶಟರ್ ಎಳೆದಿತ್ತು. ಆದರೆ ಶಟರಿನ ಮೇಲೆ ಹಳದಿ ಬಣ್ಣದಲ್ಲಿ ಬರೆದ ನಂಬರು ಮಾತ್ರ ಹಾಗೇ ಇತ್ತು. ಡೌಟಪ್ಪ ಪ್ರೂಫ್ ಬಿಡಿಸಿ ಹೋಲಿಸಿ ನೋಡಿದ. ಎಲ್ಲ ಅಂಕಿಗಳೂ ಒಂದೇ, ಕೊನೆಯ ಎರಡು ಮಾತ್ರ ಬೇರೆ. ಅವನಿಗೆ ಹೋದ ಜೀವ ಬಂದಂತಾಯಿತು. ಶಟರಿನ ನಂಬರಿಗೆ ಫೋನ್ ಮಾಡಿದ.

"ನಮಸ್ಕಾರ, ಬೀಗದಂಗಡಿ. ಹೇಳಿ ಸರ್, ಯಾವ ಬೀಗ ಬೇಕಿತ್ತು?" ಎಂದಿತು ಒಂದು ಲವಲವಿಕೆಯ ದನಿ.

ಡೌಟಪ್ಪನಿಗೆ ಆ ದನಿಯನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಆದರೂ ಅನುಮಾನದ ಮನುಷ್ಯ, ಅಷ್ಟಕ್ಕೇ ಬಿಡಲಿಲ್ಲ. ನಾಳೆ ಹೊಸ ಅಂಗಡಿ ತೆರೆಯುತ್ತಿರುವವರು ನೀವೇ ತಾನೇ ಎಂದು ಕೇಳಿದ. ದನಿ ಇನ್ನಷ್ಟು ಸಿಹಿಯಾಗಿ, ನಮ್ಮ ಮನೆಯದೇ ಅಂಗಡಿ ಎಂದಿತು. ಎಷ್ಟು ಗಂಟೆಗೆ ಅಂತ ಇಟ್ಕೊಂಡಿದೀವಿ ನಾವು, ಕೆಲಸದ ಗಡಿಬಿಡಿಯಲ್ಲಿ ಮರ್ತೇಹೋಗಿದೆ ಎಂದು ಅದೇ ಕೇಳಿತು. ಡೌಟಪ್ಪ ಗಂಟೆ ಹೇಳಿದ, ಜಾಗ ಹೇಳಿದ, ಮೊದಲ ದಿನ ಯಾವ ತಿಜೋರಿಗೆ ಎಷ್ಟು ರಿಯಾಯಿತಿ ಎಂಬುದನ್ನೂ ಜ್ಞಾಪಿಸಿದ.

"ಎಲ್ಲಾ ಸರಿ ಸರ್, ಆದ್ರೆ ನಂಗೆ ಬಾಯಿಮಾತು ಸಾಲದು. ನಂಬರ್ ತಿದ್ದಿ ಪೂರ್ತಿ ಕ್ಯಾಟಲಾಗ್ ನಿಮ್ಮ ಫೋನಿಗೇ ಕಳಿಸ್ತೀನಿ. ನೋಡಿ, ಸರಿ ಇದೆ ಅಂತ ಬರೆದು ಕಳಿಸ್ಬೇಕು" ಎಂದ ಡೌಟಪ್ಪ. ಮೈಯೆಲ್ಲ ಕಣ್ಣಾಗಿರುವುದೆಂದರೆ ಹೀಗೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಅದೇ ಬೀದಿಯ ಕಟ್ಟೆಯೊಂದರ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ, ಅಂಕಿ ಎರಡನ್ನು ತಿದ್ದಿ, ನಲವತ್ತು ಪುಟದ ಕ್ಯಾಟಲಾಗನ್ನು ದರಪಟ್ಟಿ ಸಮೇತ ಆ ನಂಬರಿಗೆ ಕಳಿಸಿದ. ಐದು ನಿಮಿಷದಲ್ಲಿ ಉತ್ತರ ಬಂತು: 'ನಂಬರ್ ಸರಿಯಿದೆ. ಬಹಳ ಚೆನ್ನಾಗಿದೆ. ಬೇಗ ಪ್ರಿಂಟ್ ಮಾಡಿ, ಎಲ್ಲ ಕಡೆ ಹಂಚಿ.' ಇಷ್ಟು ಬೇಗ, ಒಂದೂ ತಿದ್ದುಪಡಿ ಇಲ್ಲದೆ ಒಪ್ಪಿದ ಗ್ರಾಹಕನನ್ನು ಡೌಟಪ್ಪ ತನ್ನ ಹನ್ನೊಂದು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಅನುಮಾನ ಬರಬೇಕಾಗಿದ್ದುದು ಅಲ್ಲಿಯೇ. ಅಲ್ಲಿ ಮಾತ್ರ ಬರಲಿಲ್ಲ.

ಪ್ರೆಸ್ಸಿನಲ್ಲಿ ಮಷಿನ್ ಆಗಲೇ ಓಡುತ್ತಿತ್ತು. ಎಲ್ಲರೂ ಪ್ರೆಸ್ ಮಾಮ ಎಂದು ಕರೆಯುವ ಹಿರಿಯರು ಆರುನೂರು ರಕ್ಷಾಪುಟ ಮುಗಿಸಿ, ಮುಂದಿನ ಕಟ್ಟು ಬಿಚ್ಚುತ್ತಿದ್ದರು. ಡೌಟಪ್ಪ ಒಳನುಗ್ಗಿದವನೇ ಕೆಂಪು ಗುಂಡಿ ಒತ್ತಿ ಮಷಿನ್ ನಿಲ್ಲಿಸಿದ.

"ಪಾರ್ಟಿ ಸಹಿ ಇದೆಯಲ್ಲಪ್ಪ" ಎಂದರು ಪ್ರೆಸ್ ಮಾಮ, ಕೈಯ ಮಸಿ ಒರೆಸಿಕೊಳ್ಳುತ್ತಾ.

"ಹಲ್ಲಿನ ಡಾಕ್ಟರದ್ದೂ ಇತ್ತು ಮಾಮ."

ಪ್ರೆಸ್ ಮಾಮ ಗೊಣಗುತ್ತಲೇ ಹೊಸ ಪ್ಲೇಟಿಗೆ ಹೇಳಿದರು. ಆರುನೂರು ಪುಟ ರದ್ದಿಗೆ ಹೋಯಿತು. ಮಧ್ಯಾಹ್ನದ ಊಟ ಬಿಟ್ಟು ಡೌಟಪ್ಪ ಮಷಿನ್ ಪಕ್ಕದಲ್ಲೇ ಕಾವಲು ನಿಂತ. ನೂರಕ್ಕೊಂದು ಹಾಳೆ ಎಳೆದು ನಂಬರ್ ಓದಿದ, ಅಚ್ಚಾಗುವಾಗ ಅಂಕಿಗಳು ತಾವಾಗಿಯೇ ಜಾಗ ಬದಲಾಯಿಸಿಬಿಟ್ಟಾವೋ ಎಂಬಂತೆ. ನಡುವೆ ವೆಬ್ಬಕ್ಕನಿಗೆ ಫೋನ್ ಮಾಡಿ ವೆಬ್‌ಸೈಟಿನಲ್ಲೂ ನಂಬರ್ ಬದಲಾಯಿಸಲು ಹೇಳಿದ. ಒಂದ್ಸಲ ಮೇಡಂನ ಕೇಳೋಣ ಎಂದು ಆಕೆ ಎಷ್ಟು ಹೇಳಿದರೂ ಕೇಳಲಿಲ್ಲ. ಕೇಳೋಣ ಎನ್ನುತ್ತಿದ್ದಾಳೆಂದರೆ ಒಳಗೊಳಗೇ ಏನೋ ಇದೆ ಎಂದುಕೊಂಡ.

ಸಂಜೆ ಐದಕ್ಕೆ ಕಟ್ಟುಗಳೆಲ್ಲ ಆಫೀಸಿಗೆ ಬಂದವು. ಐದೂವರೆಗೆ ಮೇಡಂ ಬಂದರು, ಜೊತೆಗೆ ಬೀಗದಂಗಡಿ ಯಜಮಾನರೂ ಬಂದರು. ಯಜಮಾನರು ಕುರ್ಚಿಯನ್ನು ಗೋಡೆಗೆ ಒತ್ತರಿಸಿಕೊಂಡು, ಬೆನ್ನ ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಕುಳಿತರು. ಡೌಟಪ್ಪ ಕ್ಯಾಟಲಾಗನ್ನು ಎರಡೂ ಕೈಯಲ್ಲಿ ಒಪ್ಪಿಸಿ, ಬೆಳಗಿನಿಂದ ನಡೆದುದನ್ನು ವಿನಯದಿಂದ, ಚುಟುಕಾಗಿ ಹೇಳತೊಡಗಿದ. ಪ್ರೂಫಿನ ನಂಬರು ತಪ್ಪಿತ್ತು, ಸಹಿಯಾಗಿದ್ದರೂ ತಾನು ಬಿಡಲಿಲ್ಲ, ಸರಿಯಾದ ನಂಬರು ಹುಡುಕಿದೆ, ಬರಹದಲ್ಲಿ ಒಪ್ಪಿಗೆಯನ್ನೂ ಪಡೆದೆ. ಹಾಗೆನ್ನುತ್ತಾ ಫೋನಿನಲ್ಲಿ ಆ ಒಪ್ಪಿಗೆ ತೋರಿಸಿದ. ಮೇಡಂ ಮುಖದಲ್ಲಿ ಮೂರು ತಿಂಗಳಲ್ಲೇ ಮೊದಲ ಸಲ ಮೆಚ್ಚುಗೆ ಕಂಡಂತಾಗಿ ಅವನ ಕಣ್ಣು ತೇವಗೊಂಡಿತು.

ಯಜಮಾನರು ಓದಿದರು. ಕ್ಯಾಟಲಾಗಿನ ನಂಬರ್ ನೋಡಿದರು. ಮತ್ತೆ ಫೋನ್ ನೋಡಿದರು.

"ಇದು ನನ್ನ ತಮ್ಮನ ನಂಬರು" ಎಂದರು.

ಯಜಮಾನರು ಬಿಡಿಸಿ ಹೇಳಿದರು. ಅಣ್ಣತಮ್ಮ ಮೊದಲು ಒಂದೇ ಅಂಗಡಿಯಲ್ಲಿದ್ದರು, ಇಬ್ಬರೂ ಒಂದೇ ದಿನ ನಂಬರ್ ಕೊಂಡಿದ್ದರು. ಹೋದ ವರ್ಷ ಜಗಳವಾಗಿ ಬೇರೆಯಾದರು. ಹಳೇ ಶಟರು, ಅದರ ಮೇಲಿನ ನಂಬರು ಎಲ್ಲ ಈಗ ತಮ್ಮನದು. ಅಂಗಡಿ ಮುಚ್ಚಿದ್ದರೂ ಅವನೂ ಫೋನಿನಲ್ಲೇ ಬೀಗ ಮಾರುತ್ತಾನೆ.

ಹಾಗಾದರೆ ಪ್ರೂಫಿನ ನಂಬರು ನಿಮ್ಮದೇ, ಅದಕ್ಕೆ ಯಾರಾದರೂ ಫೋನ್ ಮಾಡಿದರೆ ಏನೆನ್ನುತ್ತೀರಿ ಎಂದು ಮೇಡಂ ಕೇಳಿದರು.

"ರಾಂಗ್ ನಂಬರ್ ಅಂತೀವಿ, ಮತ್ತೇನನ್ಬೇಕು ಮೇಡಂ? ಗುರುತಿಲ್ಲದವ್ರು ಫೋನ್ ಮಾಡಿದ್ರೆ ನಾವು ಹಾಗೇ ಅನ್ನೋದು. ತಮ್ಮನ ಕಡೆಯವ್ರು ಗುಟ್ಟು ತಿಳ್ಕೊಳ್ಳೋಕೆ ಮಾಡ್ತಿರ್ತಾರೆ." ಯಜಮಾನರು ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ಇವತ್ತು ಬೆಳಿಗ್ಗೆನೂ ಹಾಗೇ ಆಯ್ತು. ಯಾವನೋ ಎರಡು ಸಲ ಮಾಡಿದ, ಅದೂ ಬೇರೆ ಬೇರೆ ಫೋನಿಂದ. ಒಂದನ್ನ ಹೆಂಡ್ತಿ ಎತ್ತಿದ್ಲು, ಇನ್ನೊಂದು ನಾನೇ. ಎರಡೂ ನಂಬರ್ ಬರ್ಕೊಂಡಿದೀನಿ. ಮಧ್ಯಾಹ್ನವೇ ಹೋಗಿ ಆ ನಂಬರ್ ಕ್ಯಾನ್ಸಲ್ ಮಾಡ್ಸಿ ಹೊಸದು ತಗೊಂಡೆ."

ಅಂದರೆ ಹಳೇ ಪ್ಲೇಟಿನ ನಂಬರೂ ಹೋಯಿತು, ಹೊಸ ಪ್ಲೇಟಿನದೂ ಹೋಯಿತು. ಪಕ್ಕದ ಮೇಜಿನಲ್ಲಿ ವೆಬ್ಬಕ್ಕ ತನ್ನ ಫೋನನ್ನು ಮೆಲ್ಲಗೆ ಡ್ರಾಯರಿಗೆ ಸರಿಸಿದಳು.

ಮೇಡಂ ದೀರ್ಘವಾಗಿ ಉಸಿರೆಳೆದುಕೊಂಡರು. ನಾಳೆ ಬೆಳಿಗ್ಗೆಯೊಳಗೆ ಐದು ಸಾವಿರಕ್ಕೂ ಹೊಸ ನಂಬರಿನ ಸ್ಟಿಕ್ಕರ್ ಅಂಟಿಸುವುದೊಂದೇ ದಾರಿ ಎಂದರು. ಯಜಮಾನರು ಅತ್ತಿತ್ತ ನೋಡಿ, ಕಾಗದದ ಮೇಲೆ ಹೊಸ ನಂಬರ್ ಬರೆದು ಕೊಟ್ಟರು.

"ಈಗ ನನ್ನೆದುರಿಗೇ ಈ ನಂಬರಿಗೆ ಫೋನ್ ಮಾಡಿ" ಎಂದರು ಮೇಡಂ ಡೌಟಪ್ಪನಿಗೆ.

ಪರವಾಗಿಲ್ಲ ಮೇಡಂ, ಯಜಮಾನರನ್ನ ನಂಬೋಣ ಎಂದ ಡೌಟಪ್ಪ. ಮೂರು ತಿಂಗಳಲ್ಲಿ ಅವನ ಬಾಯಲ್ಲಿ ನಂಬುವ ಮಾತು ಬಂದದ್ದು ಅದೇ ಮೊದಲು. ಮೇಡಂಗೆ ಅದೇ ಅನುಮಾನಕ್ಕೆ ಕಾರಣವಾಯಿತು. ಮಾಡಿ ಎಂದರು. ಡೌಟಪ್ಪ ನಂಬರ್ ಒತ್ತಿದ. ಯಜಮಾನರ ಜೇಬಿನಲ್ಲಿ ಫೋನ್ ರಿಂಗಾಯಿತು.

ಅವರು ಅದನ್ನು ಎತ್ತಲಿಲ್ಲ. ಕನ್ನಡಕ ಹಾಕಿಕೊಂಡು ಪರದೆ ನೋಡಿದರು. ಇನ್ನೊಂದು ಜೇಬಿನಿಂದ ಬೆಳಿಗ್ಗೆ ಬರೆದಿಟ್ಟ ಚೀಟಿ ತೆಗೆದು, ಪರದೆಯ ಪಕ್ಕದಲ್ಲಿ ಹಿಡಿದು, ಅಂಕಿಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ತಾಳೆ ಹಾಕಿದರು. ಹತ್ತೂ ಸರಿಹೋದವು.

"ಬೆಳಿಗ್ಗೆ ಫೋನ್ ಮಾಡಿದ್ದು ಇವ್ರು. ತಮ್ಮನಿಗೆ ದರಪಟ್ಟಿ ಕಳ್ಸಿದ್ದೂ ಇವ್ರು" ಎಂದರು ಮೇಡಂಗೆ, ಅಷ್ಟು ಹೊತ್ತೂ ಇದನ್ನೇ ನಿರೀಕ್ಷಿಸುತ್ತಿದ್ದವರಂತೆ.

ನಾನು ನಂಬರ್ ಸರಿ ಇದೆಯಾ ಅಂತ ಚೆಕ್ ಮಾಡ್ತಿದ್ದೆ ಸರ್ ಎಂದು ಡೌಟಪ್ಪ ಅಳುದನಿಯಲ್ಲಿ ಹೇಳಿಕೊಂಡ. ತಮ್ಮನ ಕಡೆಯವರೂ ಚೆಕ್ ಮಾಡೋಕೇ ಫೋನ್ ಮಾಡೋದು ಎಂದ ಯಜಮಾನರು, ಫೋನಿನ ಸಿಮ್ಮನ್ನು ಅಲ್ಲೇ ಬಿಚ್ಚಿ ಕಿಸೆಗೆ ಹಾಕಿಕೊಂಡರು. ಈ ನಂಬರೂ ಬೇಡ, ಈಗಲೇ ಹೋಗಿ ಇನ್ನೊಂದು ತರುತ್ತೇನೆ, ಅದನ್ನು ಮೇಡಂ ಕಿವಿಯಲ್ಲಿ ಮಾತ್ರ ಹೇಳುತ್ತೇನೆ ಎಂದು ಎದ್ದು ನಿಂತರು.

ಮೇಡಂ ಡೌಟಪ್ಪನತ್ತ ನೋಡಿದರು, ಆಮೇಲೆ ಗೋಡೆಯೆತ್ತರಕ್ಕೆ ಪೇರಿಸಿದ್ದ ಕಟ್ಟುಗಳತ್ತ ನೋಡಿದರು. ಐದು ಸಾವಿರ ಸ್ಟಿಕ್ಕರ್ ಅಂಟಿಸಲು ಆಫೀಸಿನಲ್ಲಿ ಬೇರೆ ಯಾರಿದ್ದಾರೆ ಎಂದು ಯಜಮಾನರನ್ನೇ ಕೇಳಿದರು. ಯಜಮಾನರು ಬಾಗಿಲ ಬಳಿಯಿಂದ ತಿರುಗಿದರು.

"ಇವ್ರೇ ಅಂಟಿಸ್ಲಿ. ಆದ್ರೆ ನಂಬರ್ ಮಾತ್ರ ನೋಡ್ಕೂಡದು."

"ಕೇಳಿಸ್ತಲ್ಲ? ಕೆಲ್ಸದಲ್ಲಿ ಉಳೀಬೇಕು ಅಂತಿದ್ರೆ ಕಣ್ಣು ಮುಚ್ಕೊಂಡು ಅಂಟ್ಸಿ" ಎಂದರು ಮೇಡಂ.