ನೀರಣ್ಣನಿಗಾಗಿ ಒಂದು ಮೌನ

ತಾರಾಬಾಯಿಯ ಮೊಬೈಲು ಮುಸುರೆ ಬಕೆಟ್ಟಿಗೆ ಬೇರೆ ಯಾವ ಹೊತ್ತಿನಲ್ಲಿ ಬಿದ್ದಿದ್ದರೂ ಮೂಡಲಗಿಯ ಆ ಓಣಿಯಲ್ಲಿ ಇಷ್ಟೆಲ್ಲ ಆಗುತ್ತಿರಲಿಲ್ಲ.

ಅದು ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ. ಆಮೇಲೆ ಪಾತ್ರೆ ತಿಕ್ಕುವ ಹೊತ್ತೆಲ್ಲ ತಾರಾಬಾಯಿಯದೇ. ಮೊಬೈಲನ್ನು ಅವಲಕ್ಕಿ ಡಬ್ಬಿಗೆ ಆನಿಸಿ ನಿಲ್ಲಿಸಿ, ಫ್ರಾನ್ಸಿನ ಗುಡ್ಡಗಳಲ್ಲಿ ಮೂರು ವಾರ ನಡೆಯುವ ಸೈಕಲ್ ಶರ್ಯತ್ತು ನೋಡುತ್ತ ಅವಳು ಪಾತ್ರೆ ತಿಕ್ಕುತ್ತಿದ್ದಳು. ಸವಾರರು ಏರು ಹತ್ತಿದಷ್ಟೂ ಅವಳ ಕೈ ಜೋರಾಗುತ್ತಿತ್ತು. ಹಾಗಾಗಿ ಜುಲೈ ತಿಂಗಳಲ್ಲಿ ಅವಳ ಮನೆಯ ತಳ ಸುಟ್ಟ ಪಾತೇಲಿ ಕೂಡ ಕನ್ನಡಿಯಂತೆ ಹೊಳೆಯುತ್ತಿತ್ತು.

ಈ ಹುಚ್ಚು ಹಿಡಿಸಿದವನು ಭಾವನ ಮಗ ತೇಜಸ. ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುವ ಹುಡುಗ. ಗಂಡ ನೇಮಣ್ಣನಿಗೆ ಮಾತ್ರ ಈ ಶರ್ಯತ್ತು ತಲೆಗೆ ಹೋಗಿರಲಿಲ್ಲ. ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ ನಡೆಸುವ ಅವನು, ಮೊದಲು ಗೆರೆ ಮುಟ್ಟಿದವನೇ ಗೆದ್ದ ಎನ್ನುವ ಮಸಗುಪ್ಪಿ ಕಡೆಯ ಸೈಕಲ್ ಶರ್ಯತ್ತುಗಳನ್ನು ಕಂಡವನು.

"ದಿನಾ ಒಬ್ಬಾವ ಮುಂದ ಬರ್ತಾನ, ಹಳದಿ ಅಂಗಿ ಬ್ಯಾರೇದವನ ಮೈಮ್ಯಾಲ. ಇದ್ಯಾವ ಸೀಮಿ ಶರ್ಯತ್ತ?" ಎನ್ನುತ್ತಿದ್ದ.

"ಸಂಸಾರ ಇದ್ದಂಗ್ರಿ ಅದು," ಎನ್ನುತ್ತಿದ್ದಳು ತಾರಾಬಾಯಿ. "ಎಲ್ಲಾ ದಿನದ ಹೊತ್ತು ಕೂಡಿಸಿದ್ರ ಯಾವ ಮುಂದೋ ಅವಗ ಹಳದಿ ಅಂಗಿ. ಒಂದಿನ ಹೋಳಿಗಿ ಮಾಡಿದಾಕಿ ದೊಡ್ಡಾಕಿ ಅಲ್ಲ. ದಿನಾ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡದಾಕಿ ದೊಡ್ಡಾಕಿ."

ಆದರೆ ಅವಳ ಮನಸ್ಸು ಹಳದಿ ಅಂಗಿಯವನ ಮೇಲೂ ಇರಲಿಲ್ಲ. ಅದು ಇದ್ದದ್ದು ಗಡ್ಡ ನೆರೆತ ಒಬ್ಬ ಸವಾರನ ಮೇಲೆ. ಅವನ ಕೆಲಸ ಗೆಲ್ಲುವುದಲ್ಲ. ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿ ತೆಗೆದುಕೊಂಡು, ಅಂಗಿಯೊಳಗೆ ತುರುಕಿಕೊಂಡು, ಮತ್ತೆ ಗುಂಪು ಹಿಡಿದು, ತನ್ನ ತಂಡದ ಹರೆಯದ ನಾಯಕನಿಗೆ ಮುಟ್ಟಿಸುವುದು. ಅವನ ಹೆಸರು ನಾಲಿಗೆಗೆ ಹೊರಳದ್ದರಿಂದ ತಾರಾಬಾಯಿ ಅವನಿಗೆ ನೀರಣ್ಣ ಎಂದು ಹೆಸರಿಟ್ಟಿದ್ದಳು. ಹದಿನೈದು ವರ್ಷ ನೀರು ಹೊತ್ತ ನೀರಣ್ಣ ಒಂದು ದಿನವೂ ಮೊದಲು ಬಂದಿರಲಿಲ್ಲ. ಇದು ಅವನ ಕಡೆಯ ವರ್ಷ.

ಅಂಥ ನೀರಣ್ಣ ಆ ಸಂಜೆ ಎಲ್ಲರನ್ನೂ ಹಿಂದೆ ಬಿಟ್ಟು ಒಬ್ಬನೇ ಗುಡ್ಡ ಹತ್ತತೊಡಗಿದ್ದ! ತಾರಾಬಾಯಿ ಪಾತೇಲಿಯನ್ನು ಎಷ್ಟು ಜೋರಾಗಿ ತಿಕ್ಕಿದಳೆಂದರೆ ಕಟ್ಟೆ ನಡುಗಿ, ಡಬ್ಬಿ ಜಾರಿ, ಮೊಬೈಲು ಬಕೆಟ್ಟಿಗೆ ಬಿದ್ದು, ನೀರಣ್ಣನ ಸಮೇತ ಮುಳುಗಿತು.

"ಅಕ್ಕಿ ಡಬ್ಬಿಯೊಳಗ ಹೂತಿಡು. ನಾಳೆ ಸಂಜೀತನಕ ಮುಟ್ಟಬ್ಯಾಡ," ಎಂದ ನೇಮಣ್ಣ. ಅವನದು ಗುಂಡಿ ಒತ್ತುವ ಹಳೆಯ ಫೋನು.

ನಾಳೆ ಸಂಜೆ ಮೊಬೈಲು ಬದುಕಿದರೆ ನಿಂತಲ್ಲಿಂದ ಮುಂದಕ್ಕೆ ನೋಡಬಹುದು. ಆದರೆ ಅಲ್ಲಿಯವರೆಗೆ ಯಾರೂ ಬಾಯಿ ಬಿಡಬಾರದು. ನೀರಣ್ಣನ ಗೆಲುವನ್ನು ಇನ್ನೊಬ್ಬರಿಂದ ಕೇಳುವುದೆಂದರೆ ಮಂದಿ ಉಂಡ ಹೋಳಿಗೆಯ ರುಚಿ ಕೇಳಿದ ಹಾಗೆ. ಅವನು ಗೆರೆ ದಾಟುವುದನ್ನು ಅವಳ ಕಣ್ಣೇ ನೋಡಬೇಕು. ತೇಜಸನಂತೂ ಬೆಳಗಾದರೆ ಫೋನು ಮಾಡಿ ಎಲ್ಲ ಒದರುವವನೇ. ತಾರಾಬಾಯಿಗೆ ರಾತ್ರಿಯೆಲ್ಲ ನಿದ್ದೆ ಹತ್ತಲಿಲ್ಲ. ನಸುಕಿನಲ್ಲಿ ಉಪಾಯ ಹೊಳೆಯಿತು. ಚಾತುರ್ಮಾಸ ನಡೆದಿತ್ತು, ವ್ರತಗಳ ಕಾಲ. ಮಾತಾಡದವಳ ಸಂಗಡ ಯಾರು ಮಾತಾಡುತ್ತಾರೆ?

"ಕೇಳಿದ್ರೇನ್ರಿ, ಇವತ್ತ ನಂದು ಮೌನ. ಸಂಜಿ ದೀಪಾ ಹಚ್ಚೂತನಕ."

ನೇಮಣ್ಣನಿಗೆ ಚಹಾ ನೆತ್ತಿಗೇರಿತು. "ಖರೇನ? ನೀನ?"

ಅವಳು ಬಾಯಿ ಬಿಗಿಹಿಡಿದು ತಲೆಯಾಡಿಸಿದಳು. ಮದುವೆಯಾದ ಮೇಲೆ ಮೊದಲ ಬಾರಿಗೆ ಹೆಂಡತಿಯ ಕಡೆಯಿಂದ ಉತ್ತರ ಬಾರದ್ದನ್ನು ಕಂಡ ನೇಮಣ್ಣ ಹಿಗ್ಗಿಹೋದ. ಅಂಗಡಿಯ ಬಾಗಿಲು ತೆರೆದು ಮೊದಲ ಗಿರಾಕಿಗೆ ಸಕ್ಕರೆಗಿಂತ ಮುಂಚೆ ಈ ಸುದ್ದಿಯನ್ನೇ ಕೊಟ್ಟ.

ಸುದ್ದಿ ಬಸದಿಯ ಮಹಿಳಾ ಮಂಡಳದ ಅಧ್ಯಕ್ಷೆ ಮಾಲಾಬಾಯಿಯನ್ನು ಮುಟ್ಟಿ, ಆಕೆ ಸೆರಗು ಸರಿಮಾಡಿಕೊಳ್ಳುತ್ತ ಬಂದೇಬಿಟ್ಟಳು.

"ತಾರಾಬಾಯಿ, ನಿಮ್ಮದು ಬರೇ ಬಾಯಿ ಮೌನೋ, ಇಲ್ಲಾ ಕೈಸನ್ನಿ, ಬರಿಯೂದು ಎಲ್ಲಾ ಬಿಟ್ಟ ಪೂರ್ತಿ ಮೌನೋ?"

ಹೂಂ ಎಂದರೆ ಬೇಗ ಹೋದಾಳು ಎಂದುಕೊಂಡ ತಾರಾಬಾಯಿ ತಲೆ ಹಾಕಿದಳು.

"ಪೂರ್ತಿ!" ಮಾಲಾಬಾಯಿ ಕೈಮುಗಿದಳು. "ಈ ಊರಾಗ ಇದ ಮೊದಲು ನೋಡ್ರಿ. ಸಂಜಿಕೆ ಬಸದ್ಯಾಗ ಶಾಲು ಹೊದಸ್ತೇವಿ. ಬರಬೇಕು!"

ಹೀಗೆ ತಾರಾಬಾಯಿಯ ಬಾಯಿಯ ಜೊತೆಗೆ ಕೈಯೂ ಹೋಯಿತು. ಮೌನ ಹಿಡಿದರೆ ತನ್ನ ಬಾಯಿ ಮುಚ್ಚುತ್ತದೆಯೇ ಹೊರತು ಊರಿನದಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಯಾರಾದರೂ ಶರ್ಯತ್ತಿನ ಮಾತು ತೆಗೆದರೆ 'ಹೇಳಬ್ಯಾಡ್ರಿ' ಎನ್ನಲೂ ದಾರಿಯಿಲ್ಲ. ಕೋಟೆ ಕಟ್ಟಿಕೊಂಡು ಬಾಗಿಲು ಹಚ್ಚುವುದನ್ನು ಮರೆತಂತಾಗಿತ್ತು ಅವಳ ಪಾಡು.

ಅದಾದ ಮೇಲೆ ಮೊದಲು ಬಂದವಳು ಬಾಜೂ ಮನೆಯ ರಾಯವ್ವ. ಬಂದವಳೇ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಳು.

"ಯವ್ವಾ ತಾರವ್ವಾ, ನಿನ್ನ ಆ ನೀರು ಹೊರೂ ಮನಶ್ಯಾ ನಿನ್ನೆ..."

ಕಿವಿ ಮುಚ್ಚಲು ಹೋದ ಕೈಯನ್ನು ತಾರಾಬಾಯಿ ಅರ್ಧಕ್ಕೇ ತಡೆದಳು.

"...ನನ್ನ ಕನಸಿನ್ಯಾಗ ಬಂದಿದ್ದ. ಒಂದ ಬಾಟ್ಲಿ ನೀರು ಕೊಡೋ ಎಪ್ಪಾ ಅಂದ್ರ ಕೊಡ್ಲೇ ಇಲ್ಲ. ಹಾಳಾಗಿ ಹೋಗ್ಲಿ ಬಿಡು. ನನ್ನ ಸೊಸಿ ಸುದ್ದಿ ಕೇಳಿಲ್ಲಿ. ಹಿತ್ತಲದಾಗಿನ ಕರಿಬೇವಿನ ಗಿಡಾ ಕಡದ ಒಗದಾಳ! ಅರಿಬಿ ಒಣಾ ಹಾಕಾಕ ಜಾಗಾ ಬೇಕಂತ!"

ತಾರಾಬಾಯಿ ಕಂಬದಂತೆ ಕೂತಿದ್ದಳು. ಬೇರೆ ದಿನವಾಗಿದ್ದರೆ ಅವಳೂ ನಾಲ್ಕು ಮಾತು ಸೇರಿಸುತ್ತಿದ್ದಳು, ಜಗಳ ಮಧ್ಯಾಹ್ನದವರೆಗೆ ಎಳೆಯುತ್ತಿತ್ತು. ಇವತ್ತು ರಾಯವ್ವನ ಮಾತಿಗೆ ಎದುರು ಸಿಗಲಿಲ್ಲ. ಬೈದು ಬೈದು ದಣಿದ ಆಕೆ ಮೆಲ್ಲಗೆ ತಾನೇ ಸೊಸೆಯ ಕಡೆಯ ವಕೀಲಳಾದಳು.

"ಗಿಡಕ್ಕೂ ಹುಳಾ ಹತ್ತಿತ್ತು ಬಿಡು... ಆಕೀನೂ ಪಾಪ, ಕೂಸಿನ ಅರಿಬಿ ಎಲ್ಲಿ ಹಾಕಬೇಕು? ನೀ ನೋಡೂದ ನೋಡಿದ್ರ ನಂದ ತಪ್ಪು ಅಂತಿ, ಹೌದಿಲ್ಲೋ? ತಿಳೀತ ಬಿಡವ್ವಾ."

ಅರ್ಧ ತಾಸಿನಲ್ಲಿ ಹಿತ್ತಲ ಬಾಗಿಲಿನಿಂದ ಸೊಸೆ ಕಾಜಲ್ ಓಡಿ ಬಂದಳು. "ಅತ್ತಿ ನಕ್ಕು ಮಾತಾಡ್ಸಿದ್ರು ಕಾಕೂ! ಏನ್ ಮಂತ್ರಾ ಹಾಕಿದ್ರಿ?"

ಅಲ್ಲಿಗೆ ಓಣಿಯ ತುಂಬ ಹೆಸರಾಯಿತು. ಎಮ್ಮೆಗೆ ಹಿಂಡಿ ಒಯ್ಯಲು ಅಂಗಡಿಗೆ ಬಂದಿದ್ದ ಮಸಗುಪ್ಪಿಯ ಹೊಳೆಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು, "ಅವ್ವಾರ, ಎಮ್ಮಿ ಮಾರಬೇಕಂತ ಮಾಡೇನಿ," ಎಂದ. ಹಿಂಡಿಯ ಧೂಳಿಗೆ ತಾರಾಬಾಯಿ ಒಂದು ಸೀನು ಸೀನಿದಳು. ಅಪಶಕುನದ ಒಂಟಿ ಸೀನು!

"ಬ್ಯಾಡಂದ್ರು!" ಹೊಳೆಪ್ಪ ಕೈಮುಗಿದು ಎದ್ದ. "ನಮ್ಮ ಮನಿಯಾಕಿನೂ ಇದನ್ನ ಅಂದಿದ್ಲು. ಆಕಿ ಮಾತಿಗೆ ನಾ ಕಿಮ್ಮತ್ತು ಕೊಡ್ಲಿಲ್ಲ."

ಇದರ ನಡುವೆ ನೇಮಣ್ಣ ತನ್ನ ಫೋನು ಹಿಡಿದು ಬಂದ. "ತೇಜಸಂದು ಫೋನ್. ನಿನ್ನೆ ಶರ್ಯತ್ತಿಂದು ಏನೋ ಹೇಳಬೇಕಂತ. ನನಗ ಅದೆಲ್ಲಾ ತಿಳಿಯೂದಿಲ್ಲಪಾ, ಆಕೀಗೇ ಹೇಳು ಅಂದೇನಿ. ಮಾತಾಡೂದು ಬ್ಯಾಡ, ಬರೇ ಕೇಳು."

ಫೋನು ಕಿವಿಯ ಹತ್ತಿರ ಬರುವಷ್ಟರಲ್ಲಿ ತಾರಾಬಾಯಿ ಅಡುಗೆಮನೆಗೆ ಹಾರಿ ಮಿಕ್ಸರಿನ ಗುಂಡಿ ಒತ್ತಿದಳು. "ಕಾಕೂ, ನಿನ್ನೆ..." ಎಂಬುದರ ಮೇಲೆ ಮಿಕ್ಸರು ಗರ್ರೆಂದಿತು.

ನೇಮಣ್ಣ ಜಾರಿನೊಳಗೆ ಇಣುಕಿ ನೋಡಿದ. "ಒಳಗ ಏನೂ ಇಲ್ಲಲ್ಲ?"

ಅವಳು ಗುಂಡಿಯಿಂದ ಕೈ ತೆಗೆಯಲಿಲ್ಲ.

"ಹಂಗಾರ ನಾನ ಬರ್ತೇನಂತ ಹೇಳ್ರಿ ಕಾಕಾ!" ಎಂದು ತೇಜಸ ಆ ಕಡೆಯಿಂದ ಒದರಿ ಫೋನಿಟ್ಟ.

ಅರಭಾವಿಯಿಂದ ಮೂಡಲಗಿಗೆ ಬಸ್ಸು ಎಷ್ಟು ಹೊತ್ತು? ಬಸ್ಸು ಕೆಡಲಿ ಎಂದು ಬೇಡಿಕೊಳ್ಳಲು ಹೋಗಿ, ವ್ರತದ ದಿನ ಇನ್ನೊಬ್ಬರ ಕೆಡುಕು ಬಯಸಬಾರದೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದಳು. ಬಸದಿಯೊಳಗೆ ಮೊಬೈಲು ಬಿಡುವುದಿಲ್ಲ. ಅದಕ್ಕಿಂತ ಭದ್ರವಾದ ಜಾಗ ಊರಲ್ಲಿಲ್ಲ. ಸಂಜೆಯ ಕಾರ್ಯಕ್ರಮಕ್ಕೆ ಎಲ್ಲರಿಗಿಂತ ಮೊದಲೇ ಹೋಗಿ ಮುಂದಿನ ಸಾಲಿನಲ್ಲಿ, ಗೋಡೆಗೆ ಹತ್ತಿ ಕೂತಳು.

ಶಾಸ್ತ್ರ ಓದುವುದು ಮುಗಿಯಿತು. ಮಾಲಾಬಾಯಿ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮೈಕಿನಲ್ಲಿ ಮೌನದ ಮಹಿಮೆಯನ್ನು ಬಹಳ ಹೊತ್ತು ಮಾತಾಡಿದಳು. ತಾರಾಬಾಯಿಯ ಕಣ್ಣು ಕಿಟಕಿಯ ಮೇಲೇ ಇತ್ತು. ಬಿಸಿಲು ಬಾಗಿತ್ತು. ಇನ್ನೊಂದಿಷ್ಟು ಹೊತ್ತು, ಅಷ್ಟೆ. ಆಮೇಲೆ ಅಕ್ಕಿ ಡಬ್ಬಿ, ಆಮೇಲೆ ನೀರಣ್ಣ.

ಆಗ ತೇಜಸ ಬಾಗಿಲಲ್ಲಿ ಕಂಡ. ಏದುಸಿರು ಬಿಡುತ್ತಿದ್ದ. ಮಾಲಾಬಾಯಿಯೂ ಅವನನ್ನು ಕಂಡಳು.

"ಬಾರಪಾ ತೇಜಸ! ನಿಮ್ಮ ಕಾಕೂನ ಬಗ್ಗೆ ಎರಡ ಮಾತು ಹೇಳು."

ಮೈಕು ಕೈಗೆ ಬಂತು. ತೇಜಸ ಅತ್ತಿತ್ತ ನೋಡಿ, ಹಿಡಿದಿಟ್ಟ ಮಾತು ತಡೆಯಲಾಗದೆ, "ಕಾಕೂ, ಮುಂಜಾನಿಂದ ಒಂದ ಮಾತು ಹೇಳಬೇಕಂತ ಮಾಡೇನಿ. ನಿನ್ನೆ..." ಎಂದ.

"ಹೇಳಬ್ಯಾಡೋ ತೇಜ್ಯಾ!"

ಬಸದಿಯ ಪಾರಿವಾಳಗಳು ಹಾರಿದವು. ಬಾಯಿಂದ ಹೊರಬಿದ್ದ ಮಾತನ್ನು ಹಿಡಿಯುವಂತೆ ತಾರಾಬಾಯಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮಾಲಾಬಾಯಿ ಮೂಗು ಒರೆಸಿಕೊಂಡಳು.

"ನೋಡಿದ್ರೇನ್ರಿ? ತನ್ನ ಹೊಗಳಿಕಿ ತನ್ನ ಕಿವಿಗೆ ಬೀಳಬಾರದಂತ ವ್ರತಾನ ಮುರಕೊಂಡ್ಲು! ಇದಕ್ಕಿಂತ ದೊಡ್ಡ ವ್ರತಾ ಯಾವುದೈತ್ರಿ?"

ಚಪ್ಪಾಳೆಯ ನಡುವೆ ತಾರಾಬಾಯಿ ನೆಲ ನೋಡುತ್ತ ತೇಜಸನ ರಟ್ಟೆ ಹಿಡಿದು ಹೊರಗೆ ನಡೆದಳು. ಪಾಪ ಹತ್ತುವುದಾದರೆ ಹತ್ತಲಿ, ನಾಳೆ ಒಂದು ಉಪವಾಸ ಮಾಡಿದರಾಯಿತು.

"ಈಗರೆ ಹೇಳ್ಲೇನು ಕಾಕೂ?"

"ಬಾಯಿ ತಗೀಬ್ಯಾಡ. ಮೊದಲು ನಾ ನಿನ್ನೇದು ನೋಡಬೇಕು."

"ನೋಡಾಕ ಏನೈತಿ? ನಿನ್ನೆ ಯಾರೂ ಗೆದ್ದೇ ಇಲ್ಲ!"

ತಾರಾಬಾಯಿ ನಡುರಸ್ತೆಯಲ್ಲಿ ನಿಂತಳು.

"ಆಣಿಕಲ್ಲು ಬಿದ್ದು, ಗುಡ್ಡಾ ಕುಸದು ರಸ್ತೇನ ಬಂದ್ ಆತು. ಶರ್ಯತ್ತು ಅರ್ಧಕ್ಕ ನಿಲ್ಲಿಸಿದ್ರು. ನಿನ್ನೇದು ಲೆಕ್ಕಕ್ಕ ಇಲ್ಲ. ಇವತ್ತ ಲಗೂ ಸುರು ಮಾಡ್ಯಾರ. ನೀರಣ್ಣ ಇವತ್ತ ಮತ್ತ ಒಬ್ಬಾವ್ನ ಮುಂದ ಹೋಗ್ಯಾನ! ನನ್ನ ಫೋನಿನ್ಯಾಗ ನೋಡಲಿ ಅಂತ ಕ್ಲಾಸ್ ಬಿಟ್ಟು ಬಂದ್ರ, ನೀವು..."

"ಫೋನ್ ಎಲ್ಲೈತಿ?"

"ಬಸದ್ಯಾಗ ಒಯ್ಯಾಕ ಬರೂದಿಲ್ಲಲ್ಲ? ಕಾಕಾನ ಅಂಗಡ್ಯಾಗ ಹಚ್ಚಿಟ್ಟ ಬಂದೇನಿ. ನಡೀರಿ, ಇನ್ನೂ ಮುಗದಿರಾಕಿಲ್ಲ!"

ಐವತ್ತು ದಾಟಿದ ತಾರಾಬಾಯಿ ನೆರಿಗೆ ಎತ್ತಿ ಹಿಡಿದು ಓಡಿದಳು. ಶಾಲು ಹಿಂದೆ ಹಾರುತ್ತಿತ್ತು, ತೆಂಗಿನಕಾಯಿ ಕಂಕುಳಲ್ಲಿತ್ತು. ಮೌನವ್ರತಿ ಹೀಗೆ ಓಡುವುದನ್ನು ಕಂಡವರು ದಾರಿ ಬಿಟ್ಟು ಕೈಮುಗಿದರು.

ಅಂಗಡಿಯ ಮುಂದೆ ಓಣಿಗೆ ಓಣಿಯೇ ನೆರೆದಿತ್ತು. ಅವಳಿಗೆ ಕಂಡದ್ದು ಬರೀ ಬೆನ್ನುಗಳು. ರಾಯವ್ವ, ಅವಳ ಹೆಗಲಿಗೆ ಗದ್ದ ಊರಿದ ಕಾಜಲ್, ಇನ್ನೂ ಊರಿಗೆ ಹೋಗದ ಹೊಳೆಪ್ಪ. ಸಕ್ಕರೆ ಚೀಲದ ಮೇಲೆ ನಿಂತ ನೇಮಣ್ಣ ಎರಡೂ ಕೈಯಲ್ಲಿ ಫೋನನ್ನು ಎತ್ತಿ ಹಿಡಿದು, "ತುಳಿಯೋ! ತುಳಿಯೋ ತಮ್ಮಾ! ಹಿಂದ ನೋಡಬ್ಯಾಡ!" ಎಂದು ಕೂಗುತ್ತಿದ್ದ.

"ಸರೀರಿ, ಜಾಗಾ ಬಿಡ್ರಿ!" ತಾರಾಬಾಯಿ ಎರಡು ಬೆನ್ನುಗಳ ನಡುವೆ ತಲೆ ತೂರಿಸಿದಳು.

ಅಷ್ಟರಲ್ಲಿ ಓಣಿ ಹೋ ಎಂದು ಎದ್ದಿತು. ಹೊಳೆಪ್ಪನ ರುಮಾಲು ಗಾಳಿಗೆ ಹಾರಿತು. ರಾಯವ್ವ ಸೊಸೆಯನ್ನು ಅಪ್ಪಿಕೊಂಡಳು.

"ಗೆದ್ದಾ! ತಾರಾ, ನಿನ್ನ ನೀರಣ್ಣ ಗೆದ್ದಾ!" ನೇಮಣ್ಣನ ಕಣ್ಣಲ್ಲಿ ನೀರಾಡುತ್ತಿತ್ತು.

ಅವಳು ಕೈಚಾಚಿ ಫೋನು ಕಿತ್ತುಕೊಂಡಳು. ಅದರ ಚಾರ್ಜು ಮುಗಿದು ಪರದೆ ಕಪ್ಪಾಯಿತು. ಆ ಕಪ್ಪಿನಲ್ಲಿ ಕಂಡದ್ದು ಅವಳ ಮುಖವೊಂದೇ. ಅದು ಅಳಬೇಕೋ ನಗಬೇಕೋ ತಿಳಿಯದೆ ಕಡೆಗೆ ನಕ್ಕಿತು. ಹದಿನೈದು ವರ್ಷದ ಮೇಲೆ, ಅವಳು ನೋಡಲಿ ಬಿಡಲಿ, ಅವನು ಗೆದ್ದಿದ್ದ.

"ಕಡೀಕ ಹೆಂಗ ಬಂದಾ? ಅದನ್ನರೆ ಸರಿಯಾಗಿ ಹೇಳ್ರಿ," ಎಂದಳು.

"ಅದು ಹೇಳಿದ್ರ ತಿಳಿಯೂವಂಥಾದ್ದಲ್ಲ," ನೇಮಣ್ಣ ಚೀಲದಿಂದ ಇಳಿಯುತ್ತ ಮೂಗೊರೆಸಿಕೊಂಡ. "ಮೊದಲಿಂದ ಕುಂತ ನೋಡಬೇಕ ತಾರಾ. ನಡುವ ಬಂದ್ರ ಏನ್ ತಿಳೀತೈತಿ ನಿನಗ?"

ಆಮೇಲೆ ಗುಂಪಿನ ಕಡೆ ತಿರುಗಿ, "ನಾಳೆ ನಾಲ್ಕಕ್ಕ ಸುರು," ಎಂದ. "ಲಗೂ ಬರ್ರಿ. ಎಲ್ಲಾರಿಗೂ ನಮ್ಮ ತಾರಾಂದು ಚಾ ಐತಿ."